ಅಳಿಯ ಓದಿ ಹೇಳಿದ ಇಂಗ್ಲಿಷ್

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಮೊದಲ ಸಾಲಿಗೇ ‘ನಾನು ಕ್ಷೇಮ’ ಎಂದು ಬರೆದುಬಿಡುವುದು ನನ್ನ ಅಭ್ಯಾಸ. ಇವತ್ತು ಆ ಸಾಲು ಬಿಟ್ಟಿದ್ದೇನೆ. ಬಾಗಿಲು ಹಾಕಿಕೊಂಡು ಓದು. ಚಿನ್ನಿ ಮಲಗಿರುವಾಗ ಓದು, ನಿನ್ನ ಮುಖ ನೋಡಿ ಮಗು ಹೆದರಬಾರದು. ಕಾಗದವನ್ನು ಮನೆಗೆ ಕಳಿಸದೆ ಹೊಲಿಗೆ ಚಿಕ್ಕಮ್ಮನ ಅಂಗಡಿಗೆ ಏಕೆ ಕಳಿಸಿದೆ ಎಂಬುದು ಓದುತ್ತ ಹೋದಂತೆ ನಿನಗೇ ತಿಳಿಯುತ್ತದೆ.

ಹೋದ ಸಲ ಕಾಗದದ ಜೊತೆ ನನ್ನ ಇಂಗ್ಲಿಷ್ ಕ್ಲಾಸಿನ ಒಂದು ಹಾಳೆ ಇಟ್ಟಿದ್ದೆನಲ್ಲ, ಅದನ್ನು ಅಳಿಯನಿಂದ ಓದಿಸಿದೆ ಎಂದು ಬರೆದಿದ್ದೀಯ. ಅವರು ಒಂದೊಂದೇ ಸಾಲು ಬಿಡಿಸಿ ಹೇಳಿದರಂತೆ, ಇನ್ನೊಮ್ಮೆ ಓದಿದರಂತೆ, ನಿನ್ನ ಕಣ್ಣಲ್ಲಿ ನೀರು ಬಂತಂತೆ. ಹಾಳೆ ತಮ್ಮ ಹತ್ತಿರವೇ ಇರಲಿ ಎಂದು ಜೇಬಿಗೆ ಹಾಕಿಕೊಂಡರಂತೆ. ತಿಂಗಳ ಕೊನೆಗೆ ರಜ ಹಾಕಿದಾರೆ, ಅವರೇ ಬಂದು ನಿನ್ನ ಕರ್ಕೊಂಡು ಬರ್ತಾರೆ, ನಾನು ಹೇಳ್ದೆ ಅಂತ ಹೇಳ್ಬೇಡ ಎಂದು ನಿನ್ನ ಕಾಗದದ ಕೊನೆಗೊಂದು ಗುಟ್ಟು ಬೇರೆ. ಹೆತ್ತವಳಿಗೆ ಹೆಗ್ಗಣ ಮುದ್ದು, ಸರಿ. ಆ ಹೆಗ್ಗಣದ ಬಿಲವನ್ನು ಯಾರಿಗೆ ತೋರಿಸಿಕೊಟ್ಟೆ ಅಮ್ಮಾ?

ನಿನ್ನ ಮೇಲೆ ಕೋಪವಿಲ್ಲ. ಇಂಗ್ಲಿಷ್ ಬರುವವರು ನಿನಗೆ ಇನ್ನಾರು ಗೊತ್ತು? ಆದರೆ ಓದಿದೊಡನೆ ಆ ಹಾಳೆಯಲ್ಲಿ ಏನೇನು ಬರೆದಿದ್ದೆ ಎಂದು ಒಂದೊಂದೇ ಸಾಲು ನೆನೆಸಿಕೊಂಡೆ.

ನಮ್ಮ ಟೀಚರಮ್ಮನ ಪಾಠ ಹೀಗೆ. ಲಾಂಡ್ರಿಯ ಹೆಂಗಸರೆಲ್ಲ ಪಾಳಿ ಶುರುವಾಗುವ ಮೊದಲು ಮಡಚಿಟ್ಟ ಚಾದರಗಳ ನಡುವೆ ಕೂರುತ್ತೇವೆ. ವಾಕ್, ವಾಕ್ಡ್, ವಿಲ್ ವಾಕ್. ಕ್ರಾಸ್, ಕ್ರಾಸ್ಡ್, ವಿಲ್ ಕ್ರಾಸ್. ದಿನಾ ಮಾಡುವುದು, ನಿನ್ನೆ ಮಾಡಿದ್ದು, ನಾಳೆ ಮಾಡಲಿರುವುದು. ಈ ಕ್ರಿಯಾಪದಗಳು ಸಾಧು ಹಸುಗಳು, ಎಳೆದ ಕಡೆ ಬರ್ತವೆ, ಒದೆಯೋ ಹಸುಗಳು ಮುಂದಿನ ತಿಂಗಳು ಎಂದು ನಗಿಸುತ್ತಾರೆ. ಅವರದು ಒಂದೇ ನಿಯಮ: ಪುಸ್ತಕದ ವಾಕ್ಯ ಬೇಡ, ನಿಮ್ಮ ದಿನಾನೇ ಬರೀರಿ, ಸುಳ್ಳು ಬರೆದ್ರೆ ನಾಲಿಗೆಗೆ ಹತ್ತಲ್ಲ. ನಾನು ನಿಯತ್ತಾಗಿ ಬರೆದೆ. ಆಸ್ಪತ್ರೆಯ ಹಿಂದಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ನಿನ್ನೆ ಆರಕ್ಕೆ ಕೆಲಸ ಮುಗಿಸಿದೆ. ಹಿಂದಿನ ಗೇಟಿನಿಂದ ಒಬ್ಬಳೇ ನಡೆದೆ, ಕಾಲುವೆ ದಾಟಿದೆ. ನಾಳೆಯೂ ದಾಟುತ್ತೇನೆ. ಊರಿನ ಹೆಸರು ಬರೆದಿರಲಿಲ್ಲ, ನಿನ್ನ ಕಾಗದಗಳೂ ಹೊಲಿಗೆ ಚಿಕ್ಕಮ್ಮನ ಕೈಯಿಂದಲೇ ಬರುತ್ತವೆ, ನನ್ನ ವಿಳಾಸ ಚಿಕ್ಕಮ್ಮನಿಗೆ ಮಾತ್ರ ಗೊತ್ತು ಎಂದು ಸಮಾಧಾನ ಮಾಡಿಕೊಂಡೆ, ಆಮೇಲೆ ಲಕೋಟೆಯ ಮೇಲಿನ ಅಂಚೆ ಮುದ್ರೆ ನೆನಪಾಯಿತು.

ನಾವು ಗಂಡ ಹೆಂಡತಿ ಜಗಳವಾಡಿಕೊಂಡೆವು, ನಾನು ಸಿಟ್ಟಿನಲ್ಲಿ ಬಂದೆ ಎಂದು ನೀನು ತಿಳಿದಿದ್ದೀಯ. ಹಾಗೆ ತಿಳಿಯಲೆಂದೇ ಬರೆಯುತ್ತಿದ್ದೆ. ನನ್ನ ಬೆರಳು ಮುರಿದದ್ದು ಮೆಟ್ಟಿಲಿನಿಂದ ಬಿದ್ದಲ್ಲ. ಅವರು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನನ್ನ ಕೈ ಹಿಡಿದಿಟ್ಟು ಬಾಗಿಲು ಹಾಕಿದರು. ಆಮೇಲೆ ಅವರೇ ಡಾಕ್ಟರ ಹತ್ತಿರ ಕರೆದೊಯ್ದು ನನ್ನ ತಲೆ ಸವರಿದರು. ಎಲ್ಲಿಗೇ ಹೋದ್ರೂ ಹುಡುಕಿ ತರ್ತೀನಿ, ಆಗ ಬೆರಳಲ್ಲ, ಕಾಲು ಎಂದು ಮನೆಗೆ ಬಂದು ಮೆಲ್ಲಗೆ ಹೇಳಿದರು. ಅವರು ಎಂದೂ ದನಿ ಎತ್ತಿದವರಲ್ಲ. ಎಂಥ ಸಾಧು ಅಳಿಯ ಎಂದು ನೀನು ಮೆಚ್ಚಿದ್ದೂ ಅದಕ್ಕೇ.

ಚಿನ್ನಿ ನಿನ್ನ ಮನೆಯಲ್ಲಿದ್ದ ದಿನ ನೋಡಿ ಹೊರಟೆ. ಕೆಲಸ ಸಿಕ್ಕಿದ ಕೂಡಲೇ ಕರೆಸಿಕೊಳ್ಳೋಣ ಎಂದಿದ್ದೆ. ಆದರೆ ಅವರು ದಿನಾ ಸಂಜೆ ಬಂದು ಮಗುವಿನ ಕೈ ಹಿಡಿದು ಕೂರುತ್ತಾರೆ ಎಂದು ನೀನು ಹೊಗಳಿ ಹೊಗಳಿ ಬರೆಯುತ್ತೀಯ. ಅದು ಮುದ್ದಲ್ಲ ಅಮ್ಮಾ, ಕಾವಲು. ಮಗು ಅಲ್ಲಿರುವವರೆಗೆ ತಾಯಿ ಎಲ್ಲಿಗೆ ಹೋಗುತ್ತಾಳೆ ಎಂಬ ಲೆಕ್ಕಾಚಾರ.

ಈಗ ಆರು ಗಂಟೆ ಹತ್ತಿರ ಬಂದರೆ ಗೇಟಿನ ಕಡೆಗೇ ನೋಡುತ್ತಿರುತ್ತೇನೆ. ನಿನ್ನೆ ಗೇಟಿನ ಬಳಿ ಯಾರೋ ಬೀಗದ ಕೈ ಗೊಂಚಲು ಬೆರಳಿಗೆ ಸುತ್ತುತ್ತ ನಿಂತಿದ್ದರು, ನಿನ್ನ ಅಳಿಯ ಸುತ್ತುವಂತೆಯೇ. ನಾನು ಒದ್ದೆ ಚಾದರಗಳ ಗಾಡಿಯ ಹಿಂದೆ ಕುಳಿತುಬಿಟ್ಟೆ. ಆತ ಆಸ್ಪತ್ರೆಯ ಡ್ರೈವರ್. ಜೊತೆಗೆ ಕೆಲಸ ಮಾಡುವ ಇಸ್ತ್ರಿ ಅಕ್ಕ ನನ್ನನ್ನು ಎಬ್ಬಿಸಿ ನೀರು ಕುಡಿಸಿದರು.

ಟೀಚರಮ್ಮನಿಗೆ ಎಲ್ಲ ಹೇಳಿದೆ. ಇಬ್ಬರೂ ಸೇರಿ ಇನ್ನೊಂದು ಹಾಳೆ ಬರೆದಿದ್ದೇವೆ, ಜೊತೆಗಿದೆ. ಇದನ್ನೂ ಅಳಿಯನಿಗೇ ಕೊಡು. ನೋಡಿ, ಮಗಳು ಇನ್ನೊಂದು ಬರೆದಿದಾಳೆ, ಏನಂತೆ ಓದಿ ಎಂದು ಹೋದ ಸಲದ ಹಿಗ್ಗಿನಲ್ಲೇ ಕೇಳು. ನಿನಗೆ ನಾಟಕ ಬರುವುದಿಲ್ಲ, ಗೊತ್ತು. ಅಳು ಬಂದರೆ ಅತ್ತುಬಿಡು, ಹೋದ ಸಲವೂ ಅತ್ತಿದ್ದೆಯಲ್ಲ.

ನಿಜ ಹೇಳಲೇ? ಅವರಿಗಿಂತ ಹೆಚ್ಚಾಗಿ ಈಗ ನಿನಗೆ ಹೆದರುತ್ತಿದ್ದೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವವಳು ನೀನು. ಒಳ್ಳೆಯದಾಗಲಿ ಎಂದೇ ಈ ಕಾಗದವನ್ನೂ ಅವರ ಕೈಗಿಟ್ಟುಬಿಟ್ಟರೆ? ಹಾಗೆ ಮಾಡಬೇಕೆನಿಸಿದರೆ ಒಮ್ಮೆ ಚಿನ್ನಿಯ ಬೆರಳುಗಳನ್ನು ನೋಡು. ಅಷ್ಟು ಸಾಕು.

ನಿನ್ನನ್ನೇ ನಂಬಿ ಕೂತಿರುವ,
ಮಗಳು

ತಾ.ಕ.: ಹಾಳೆಯಲ್ಲಿ ಏನಿದೆ ಎಂದು ನಿನಗೆ ಮೊದಲೇ ತಿಳಿದಿರಲಿ. ‘ನಾನು ಇಲ್ಲೇ ಇರುತ್ತೇನೆ. ತಿಂಗಳ ಕೊನೆಯ ಶನಿವಾರವೂ ಕೆಲಸ ಮಾಡುತ್ತೇನೆ. ಆರಕ್ಕೆ ಮುಗಿಸಿ, ಹಿಂದಿನ ಗೇಟಿನಿಂದ ಒಬ್ಬಳೇ ನಡೆಯುತ್ತೇನೆ.’ ಟೀಚರಮ್ಮ ತಿದ್ದಲು ಕೂತು ಒಂದೂ ತಪ್ಪಿಲ್ಲ ಎಂದರು. ಒಂದು ಸಾಲೂ ನಿಜವಲ್ಲ. ಆ ಶನಿವಾರ ಅವರು ಬಸ್ಸು ಹತ್ತಿ ಇತ್ತ ಹೊರಟ ಮೇಲೆ ಚಿನ್ನಿಗೆ ಚಪ್ಪಲಿ ಹಾಕಿ ಹೊಲಿಗೆ ಚಿಕ್ಕಮ್ಮನ ಅಂಗಡಿಯ ಹಿಂಬಾಗಿಲಿಗೆ ಬಾ. ಬಟ್ಟೆಬರೆ ಕಟ್ಟಬೇಡ. ಅಳತೆ ಕೊಡುವ ಪರದೆಯ ಹಿಂದೆ ನಾನು ಕೂತಿರುತ್ತೇನೆ. ನಿನ್ನ ಕನ್ನಡಕ, ಮಾತ್ರೆ ಮಾತ್ರ ಮರೆಯಬೇಡ. ನೀನೂ ನಮ್ಮ ಜೊತೆ ಬರುತ್ತಿದ್ದೀಯ, ಆ ಮನೆಗೆ ಇನ್ನು ಹಿಂದಿರುಗುವುದಿಲ್ಲ.