ಏಳನೇ ಬನಿಯನ್

ಮಾರ್ಚ್ ೩, ಬೆಳಿಗ್ಗೆ

ಅಂಗಡಿ ತೆಗೆದು ಯೂರಿಯಾ ಚೀಲ ಜೋಡಿಸುತ್ತಿದ್ದೆ. ಮಣ್ಣಿನ ಇಲಾಖೆಯ ಮೇಡಂ ಜೀಪಿನಿಂದ ಇಳಿದರು. ಕೈಯಲ್ಲಿ ಹನ್ನೆರಡು ಹೊಸ ಬನಿಯನ್! ಅಪ್ಪಟ ಹತ್ತಿ. ಹನ್ನೆರಡು ಹೊಲದಲ್ಲಿ ಗೇಣು ಆಳಕ್ಕೆ ಹೂಳಬೇಕಂತೆ. ಎರಡು ತಿಂಗಳು ಬಿಟ್ಟು ತೆಗೆಯುವುದು. ಮಣ್ಣಿಗೆ ಜೀವವಿದ್ದರೆ ಬಟ್ಟೆಯನ್ನು ತಿಂದಿರುತ್ತದೆ, ಇಲ್ಲದಿದ್ದರೆ ಹಾಗೇ ಇರುತ್ತದೆ. ಸರ್ಕಾರದ ಯೋಜನೆ. ಊರನ್ನು ಒಪ್ಪಿಸಲು ಬಾಯಿ ಇರುವವನು ಬೇಕು. ನನ್ನನ್ನು 'ಮಣ್ಣುಮಿತ್ರ' ಮಾಡಿದ್ದಾರೆ. ಇಪ್ಪತ್ತೆರಡು ವರ್ಷ ಗೊಬ್ಬರ ಮಾರಿದವನಿಗೆ ಈ ಬಿರುದು... ಬೇಡ ಅನ್ನಲಿಲ್ಲ.

ಮಾರ್ಚ್ ೫

ಎಲ್ಲ ಹೂತಾಯಿತು. ಪ್ರತಿ ಹೊಲದಲ್ಲೂ ಒಂದೇ ಪ್ರಶ್ನೆ: "ಚಡ್ಡಿ ಯಾವಾಗ ಕೊಡ್ತಾರೆ?" ನಂಬರ್ ಆರು, ಕಸದ ರಾಜನ ಹೊಲ. ಎಲೆ, ಸಗಣಿ ಬಿಟ್ಟು ಬೇರೇನೂ ಹಾಕದವನು. ನನ್ನ ಅಂಗಡಿ ಮೆಟ್ಟಿಲು ತುಳಿದಿಲ್ಲ. ಪಕ್ಕದ್ದೇ ಏಳು, ಅಕ್ಕನದು.

"ನೀನು ಹೇಳಿದ್ಮೇಲೆ ಮುಗೀತು, ಹೂಳೋ" ಅಂದಳು. ಭಾವ ಲಾರಿ ಓಡಿಸಿಕೊಂಡು ತಿಂಗಳುಗಟ್ಟಲೆ ಊರಾಚೆ. ಅವಳಿಗೆ ಬೇಸಾಯ ಕಲಿಸಿದವನು ನಾನೇ.

ಏಪ್ರಿಲ್ ೨೧, ಮಧ್ಯಾಹ್ನ

ತಡೆಯಲಾಗಲಿಲ್ಲ. ಅಕ್ಕ ಸಂತೆಗೆ ಹೋಗಿದ್ದಾಗ ಅವಳ ಹೊಲದಲ್ಲಿ ಹೂತ ಕಡೆ ಒಂದು ಮೂಲೆ ಕೆದಕಿದೆ. ಬನಿಯನ್ ಹೇಗೆ ಹೂತಿದ್ದೆನೋ ಹಾಗೇ ಇದೆ. ಕೊಡವಿ ತೊಟ್ಟು ಮದುವೆಗೆ ಹೋಗಬಹುದು. ಮುಚ್ಚಿದೆ.

ಬೇಲಿ ದಾಟಿ ಆರನ್ನೂ ಕೆದಕಿದೆ. ಹೊಲಿಗೆ ದಾರ, ಲೇಬಲ್. ಅಷ್ಟೇ. ಸುತ್ತ ಎರೆಹುಳ, ಊಟ ಮುಗಿಸಿದ ಬೀಗರ ಹಾಗೆ.

ಮೇ ೪

ನಾಳೆ ಎಲ್ಲರೆದುರು ಅಗೆಯುತ್ತಾರೆ. ಮೈಕ್ ನನ್ನ ಕೈಗೇ. ಅಕ್ಕನ ಬನಿಯನ್ ಇಡಿಯಾಗಿ ಬಂದರೆ ಅವಳ ಮುಖ ಹೇಗೆ ನೋಡಲಿ?

ಏಳರಲ್ಲಿ ಬದಲಿಸಿಡೋಣವೆಂದು ಹಳೇ ಬನಿಯನ್ ಹುಡುಕಿ ಕತ್ತರಿಸುತ್ತ ಕೂತೆ. ಹೆಂಡತಿ ಬಾಗಿಲಿಗೆ ಒರಗಿ ನೋಡಿದಳು.

"ಏನ್ರೀ ಅದು?"

"ಹುಳ ತಿಂದಿದ್ದು."

"ನಿಮ್ಮ ಹುಳಕ್ಕೆ ಹಲ್ಲು ಭಾರೀ ನೇರ ಕಣ್ರೀ. ಟೈಲರ್ ಹತ್ರ ಕಲಿತಿರ್ಬೇಕು."

ಕತ್ತರಿ ಕಿತ್ತುಕೊಂಡು ಒಳಗೆ ಹೋದಳು.

ಮೇ ೫, ಸಂಜೆ

ಚಿಂದಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಹೊರಗೆ ತೆಗೆಯಲಿಲ್ಲ.

ಆರು ತೆಗೆದಾಗ ಚಪ್ಪಾಳೆ. ಏಳು ತೆಗೆದಾಗ ನಗು. ಕಸದ ರಾಜ ಕೂಗಿದ: "ತಂಗ್ಯವ್ವಾ, ತೊಳ್ದು ನಿನ್ ತಮ್ಮಂಗೇ ಕೊಡು, ಹೊಸಾದೇ ಐತಲ್ಲ!" ಮೇಡಂ ಕೇಳಿದರು, ಇಷ್ಟೊಂದು ಗೊಬ್ಬರ ಹಾಕಲು ಹೇಳಿದವರು ಯಾರು? ಮೈಕ್ ನನ್ನ ಬಾಯಿಯ ಹತ್ತಿರವೇ ಇತ್ತು.

ಅಕ್ಕ ಅಂದಳು: "ಯಾರೂ ಹೇಳಿಲ್ಲ ಮೇಡಂ. ತಮ್ಮ ಕಮ್ಮೀನೇ ಹೇಳಿದ್ದ, ನಾನೇ ಆಸೆಗೆ ಬಿದ್ದು ಜಾಸ್ತಿ ಸುರಿದೆ."

ನಾನು... ಮುಂದಿನ ಹೊಲಕ್ಕೆ ನಡೀರಿ ಅಂದೆ. ಮೈಕಿನಲ್ಲೇ.

ಮೇ ೯, ಬೆಳಿಗ್ಗೆ ಹತ್ತು

ಮೂರು ದಿನ ಬರೆಯಲಿಲ್ಲ. ಊಟ ರುಚಿಸಲಿಲ್ಲ, ಗಿರಾಕಿಗಳ ಮೇಲೆ ರೇಗಿದೆ.

ಮೇಡಂ ವರದಿ ಕಳಿಸಿದ್ದಾರೆ. ಏಳನೇ ಹೊಲದ ಎದುರು: 'ಸಲಹೆ ಮೀರಿ ಬಳಕೆ.' ಮಾತು ಕೇಳದ ರೈತರಿಗೆ, ಮಣ್ಣು ಸುಧಾರಿಸಲು ಇಲಾಖೆ ಕೊಡುವ ಮೂರು ವರ್ಷದ ನೆರವು ಇಲ್ಲವಂತೆ. ಹಸಿರೆಲೆ ಗೊಬ್ಬರದ ಬೀಜವಿಲ್ಲ, ಕಾಂಪೋಸ್ಟ್ ಇಲ್ಲ, ಬಂದು ನೋಡುವವರೂ ಇಲ್ಲ. ಕೆಳಗೆ ಮಣ್ಣುಮಿತ್ರನ ಸಹಿ ಬೇಕು. ಹನ್ನೊಂದಕ್ಕೆ ಜೀಪು.

ಅಂಗಡಿ ಪುಸ್ತಕ ತೆಗೆದೆ. ಅಕ್ಕನ ಲೆಕ್ಕ ಐದು ವರ್ಷದ್ದು ನೋಡಿದೆ. ನಾನು ಹತ್ತು ಅಂದಾಗ ಹತ್ತು, ಹದಿನಾಲ್ಕು ಅಂದಾಗ ಹದಿನಾಲ್ಕು. ಒಂದೇ ಒಂದು ಚೀಲ ಹೆಚ್ಚಿಗೆ ಒಯ್ದಿಲ್ಲ.

ವರದಿಯ ಆ ಸಾಲು ಹೊಡೆದು ಹಾಕಿದೆ. ಮೇಲೆ ಬರೆದೆ: 'ಸಲಹೆಯಂತೆಯೇ ಬಳಕೆ. ಸಲಹೆ ಗೊಬ್ಬರದ ಅಂಗಡಿಯವನದು.' ಸಹಿ ಹಾಕಿದೆ. ನಾಳೆಯಿಂದ ಯಾರು ಬರುತ್ತಾರೋ ಈ ಅಂಗಡಿಗೆ, ಗೊತ್ತಿಲ್ಲ.

ಅಕ್ಕ ಬಂದಳು. ಏನೂ ಆಗೇ ಇಲ್ಲವೆಂಬಂತೆ ಚೀಲದ ಮೇಲೆ ಕೂತಿದ್ದಾಳೆ. "ಬರೆದಿದ್ದು ಸಾಕು, ಹೇಳೋ. ಈ ಸಲ ಎಷ್ಟು ಹಾಕ್ಲಿ?"

ವರದಿ ಅವಳ ಕೈಗೇ ಕೊಡುತ್ತೇನೆ. ಓದಲಿ. ಓದಿದ ಮೇಲೆ ನನಗೆ ಎಷ್ಟು ಹಾಕಬೇಕೋ, ಅವಳೇ ಹೇಳಲಿ.