ಕಾರ್ಡಿಗೂ ಕುಂಕುಮ

ಸುಂಕದಕಟ್ಟೆ

ಉಲ್ಲಾಳದ ಮುನಿರಾಜು ಭಾವನಿಗೆ ನಮಸ್ಕಾರ,

ಫೋನಲ್ಲಿ ನೀವು ಬೈಯೋಕೆ ಶುರು ಮಾಡಿದ್ರೆ ನಂಗೆ ನಗು ಬರುತ್ತೆ, ಅದಕ್ಕೇ ಬರೀತಾ ಇದೀನಿ.

"ವರ್ಷಾ ವರ್ಷಾ ಅಷ್ಟೊಂದು ಫೀಸು ಕಿತ್ಕೊಳ್ಳೋ ಕ್ರೆಡಿಟ್ ಕಾರ್ಡು ಯಾಕೋ, ಕತ್ತರಿಸಿ ಬಿಸಾಕು" ಅಂದ್ರಿ. ಭಾವ, ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಾನು. ಆಗ ಉಳಿಸಿದ ಫೀಸು ಈಗ ಕಟ್ತಾ ಇದೀನಿ ಅಂದ್ಕೊಳ್ಳಿ. ಕಾಲು ಮುರ್ಕೊಂಡು ಮಲಗಿ, ಹಳೇ ಆಟೋ ಕಂತು ತಪ್ಪಿ ಹೆಸರು ಕೆಟ್ಟಾಗ, ಕಾರ್ಡು ಕೊಟ್ಟಿದ್ದು ಈ ಬ್ಯಾಂಕೊಂದೇ. ಇದರಲ್ಲಿ ಆಟೋಗೆ ಗ್ಯಾಸ್ ಹಾಕಿಸಿ, ಬಿಲ್ಲು ಬಂದ ದಿನಾನೇ ಕಟ್ಟಿ ಕಟ್ಟಿ, ಸಾಲ ಕೊಡೋರು ನೋಡೋ ಸಿಬಿಲ್ ಸ್ಕೋರು ಎತ್ತಿದೀನಿ. ಆಯುಧಪೂಜೇಲಿ ಇದಕ್ಕೂ ಕುಂಕುಮ ಇಟ್ಟೆ. ಮಾರನೇ ದಿನ ಬಂಕಿನ ಮಿಷನ್ನು ಓದಲೇ ಇಲ್ಲ! ಅಕ್ಕಂಗೆ ಹೇಳಿ, ನಗ್ಲಿ.

ಈಗ ಹೊಸ ಗೂಡ್ಸ್ ಆಟೋಗೆ ಸಾಲ ಪಾಸಾಯ್ತು ಭಾವ, ನನ್ನೊಬ್ಬನ ಸೈನಲ್ಲೇ. ಹೋದ ಸಲ ಜಾಮೀನು ನಿಂತ ತಪ್ಪಿಗೆ ವಸೂಲಿಯೋರು ನಿಮ್ಮನೆ ಬಾಗಿಲು ಬಡಿದ್ರು. ಈ ಸಲ ಬಡಿಯಲ್ಲ.

ಫೀಸಿಲ್ಲದ ಕಾರ್ಡು ಸಿಕ್ಕ ದಿನ ಇದನ್ನ ನಿಲ್ಲಿಸ್ತೀನಿ, ಕತ್ತರಿ ನೀವೇ ಹಾಕಿ.

ಶುಕ್ರವಾರ ಗಾಡಿ ಪೂಜೆ. ಅಕ್ಕನ್ನ ಕರ್ಕೊಂಡು ಬನ್ನಿ. ಜಾಮೀನಿಗೆ ಸೈನ್ ಹಾಕೋ ಪೆನ್ನು ಬೇಡ, ಚಕ್ರಕ್ಕಿಡೋಕೆ ಮೂರು ನಿಂಬೆಹಣ್ಣು ತನ್ನಿ ಸಾಕು.

ಜಾಮೀನು ಬೇಡದ ನಿಮ್ಮ ಬಾಮೈದ,
ಕಾಂತರಾಜು