ಚಪ್ಪಲಿಗೊಂದು ಸೂರು

ಜೂನ್ 12, 1998. ಶುಕ್ರವಾರ
ಇವತ್ತು ಮೂವತ್ತೊಂದು ಟೆಂಟು ನೋಡಿದೆ. ಹೊಲಿಗೆಯ ಮೇಲೆ ನೀರು ತಡೆಯುವ ಟೇಪು ಸರಿಯಾಗಿ ಕೂತಿದೆಯೇ, ಜಿಪ್ಪು ಸಿಕ್ಕಿಕೊಳ್ಳುತ್ತದೆಯೇ — ಪರದೇಶಕ್ಕೆ ಬಂದ ಕನ್ನಡ ಎಂ.ಎ.ಗೆ ವುಡ್‌ಬ್ರಿಡ್ಜಿನ ಈ ಟೆಂಟು ಫ್ಯಾಕ್ಟರಿಯಲ್ಲಿ ಸಿಕ್ಕ ಕೆಲಸ. ಬೇಸರವಿಲ್ಲ. ಒಳ್ಳೆಯ ಹೊಲಿಗೆಯನ್ನೂ ಓದಬಹುದು.

ಹುಬ್ಬಳ್ಳಿಯ ಗಿರಿಜವ್ವ ಮೂರು ವಾರ ಕೂತು ಹೊಲಿದ ಹೊಸ ಮಾದರಿ ಮುಗಿದಿದೆ. ಅಲ್ಯೂಮಿನಿಯಂ ಕೋಲು, ಅಂಚು ಗೇಣುದ್ದ ಮೇಲೆದ್ದ ನೆಲ. ಸೂಪರ್‌ವೈಸರ್ ಕಾರ್ಲೊ ಅದನ್ನು ನನ್ನ, ಗಿರಿಜವ್ವನ ಕೈಗೇ ಕೊಟ್ಟ. ವೀಕೆಂಡು ಪಾರ್ಕಲ್ಲಿ ಹಾಕಿ ನೋಡಬೇಕಂತೆ.

ಜೂನ್ 14. ಭಾನುವಾರ
ನಿನ್ನೆ ಮಧ್ಯಾಹ್ನ ಜೋರು ಮಳೆ. ಗಾಳಿಗೆ ಪಕ್ಕದವರ ಟೆಂಟು ಮಗುಚಿತು. ನಮ್ಮದು ಅಲುಗಲಿಲ್ಲ... ಆದರೆ ಒಳಗೆ ನೆಲ ಒದ್ದೆ. ಗಿರಿಜವ್ವನ ಗಂಡ ದಾನಪ್ಪ ಬೇರೆ — "ಟೆಂಟ್ ಹೊಲಿ ಅಂದ್ರ ಕೆರಿ ಕಟ್ಟೀಯಲ್ಲ."



ಜೂನ್ 15. ಊಟದ ಬಿಡುವು
ವರದಿಯಲ್ಲಿ ಕಾರ್ಲೊ ಬರೆದದ್ದು ಒಂದೇ ಪದ: ಸೋರುತ್ತದೆ. ಪರೀಕ್ಷಿಸಿದವಳೆಂದು ಅದರ ಕೆಳಗೆ ನನ್ನ ಸಹಿ ಬೇಕು. ಗುರುವಾರ ಮಾಲೀಕರು ಈ ಮಾದರಿಯನ್ನು ಕೈಬಿಡುತ್ತಾರೆ.

ಹೊಲಿಗೆಯೆಲ್ಲ ಒಣಗಿತ್ತು. ನಾನು ಬೆರಳಾಡಿಸಿ ನೋಡಿದ್ದೆ. ಒದ್ದೆ ಬಾಗಿಲ ಕಡೆ ಮಾತ್ರ. ಅಲ್ಲಿ ಟೆಂಟಿನಡಿ ಹಾಸಿದ ಟಾರ್ಪಾಲನ್ನು ಎರಡಡಿ ಹೊರಗೆ ಬಿಟ್ಟಿದ್ದೆವು — ಚಪ್ಪಲಿ ಬಿಡಲು. ಮೆಟ್ಟಿಕೊಂಡೇ ಒಳಗೆ ಹೋಗುವ ಜನವೇ ನಾವು? ಅದರ ಮೇಲೆ ಬಿದ್ದ ನೀರೆಲ್ಲ ಟೆಂಟಿನಡಿ ಸೇರಿ, ನಮ್ಮ ಭಾರಕ್ಕೆ ಒಳಗೆ ಒಸರಿದೆ.

ಗಿರಿಜವ್ವನಿಗೆ ಹೇಳಿದೆ.

"ನನಗ್ಯಾಕ ಹೇಳ್ತಿ? ಆ ಕಾರ್ಲೊಗ ಹೇಳು. ಕಲತಾಕಿ ನೀ."

"ನನ್ನ ಕೈಲಾಗಲ್ಲ. ಅವನ ಮುಂದೆ ಬಾಯೇ ಬರಲ್ಲ."

"ಹಂಗಾದ್ರ ಗಿರಿಜವ್ವನ ಹೊಲಿಗಿ ಸೋರ್ತು ಅಂತ ಸಹಿ ಮಾಡಿ ಬಿಡವಾ."

ಜೂನ್ 16
ಹೇಳಿದೆ. ಕಾರ್ಲೊನ ಮೇಜಿನ ಮುಂದೆ ನಿಂತು, ಒಂದೇ ಉಸಿರಿಗೆ. ಟಾರ್ಪಾಲು ಟೆಂಟಿಗಿಂತ ಚಿಕ್ಕದಿರಬೇಕು. ಚಪ್ಪಲಿಗೆ ಮೇಲಿನ ಹೊದಿಕೆಯನ್ನೇ ಬಾಗಿಲಾಚೆ ಮೂರಡಿ ಚಾಚಬೇಕು.

"ಶೂಗಳಿಗೆ ಪೋರ್ಚಾ?" ಕಾರ್ಲೊ ನಕ್ಕ. ಆಮೇಲೆ ತಲೆ ಕೆರೆದುಕೊಂಡ. ಅವನ ಅಮ್ಮನೂ ಶೂ ಒಳಗೆ ಬಿಡುವುದಿಲ್ಲವಂತೆ. "ಗುರುವಾರದೊಳಗೆ ಮಾಡಿ ತೋರಿಸಿ."

ಜೂನ್ 18. ಗುರುವಾರ
ಫ್ಯಾಕ್ಟರಿ ಹಿಂದಿನ ಪಾರ್ಕಿಂಗ್ ಲಾಟಲ್ಲಿ ಚಾಚು ಹೊಲಿದ ಟೆಂಟಿನ ಮೇಲೆ ಎರಡು ಪೈಪು ಹಿಡಿದು ನಾಲ್ಕು ಗಂಟೆ ಕಾಲ ನೀರು. ಮಾಲೀಕರು ಒಳಗೆ ಬಗ್ಗಿ ಅಂಗೈಯಿಂದ ನೆಲ ಒರೆಸಿ ನೋಡಿದರು. ಒಣ. ಗಿರಿಜವ್ವ ಒಳಗೆ ಕಾಲು ಚಾಚಿ ಕೂತು, "ನಮ್ಮನಿಯವರಿಗೆ ಫೋನ್ ಹಚ್ಚವಾ. ಕೆರಿ ಬತ್ತೇತಿ ಅಂತ ಹೇಳು."

ಮಾದರಿ ಇರಲಿ ಎಂದ ಮಾಲೀಕರು, ಬಾಗಿಲ ಮುಂದಿನ ಚಾಚು ಯಾರ ಐಡಿಯಾ ಎಂದು ಕೇಳಿದರು. ಎಲ್ಲರೂ ಕಾರ್ಲೊನನ್ನು ನೋಡಿದರು. ಅವನು ನನ್ನನ್ನು ನೋಡಿದ.

ಕೈ ಎತ್ತಿದೆ. "ನನ್ನದು. ಹೊಲಿದದ್ದು ಇವರು." ಇಂಗ್ಲಿಷಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಮಾತು ನಿಲ್ಲಿಸಲೇ ಇಲ್ಲ — ಗಾಳಿಗೆ ಹಗ್ಗ ಯಾವ ಕಡೆ ಕಟ್ಟಬೇಕು, ನೆಲದ ಅಂಚು ಏಕೆ ಎತ್ತರವಿರಬೇಕು... ಅಷ್ಟೂ ಇಲ್ಲಿ ಬರೆದಿಡಬೇಕು. ಮೊದಲು ಹೇಳಿದ್ದು — ಚಪ್ಪಲಿ ಹೊರಗೆ ಬಿಡುವ ಜನ ನಾವು, ಅಂತ.